ಇಲ್ಲದ ಮೋಡ, ಅಳಿಸಿದ ತಂತಿ: ತಿದ್ದಿದ ಭೂದೃಶ್ಯ ಛಾಯಾಚಿತ್ರಗಳ ಒಂದು ಸಮೀಕ್ಷೆ

2011ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಛಾಯಾಚಿತ್ರ 43 ಲಕ್ಷ ಡಾಲರಿಗೆ ಮಾರಾಟವಾಯಿತು. ಅಲ್ಲಿಯವರೆಗೆ ಯಾವ ಛಾಯಾಚಿತ್ರಕ್ಕೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ಮಾಡಿದ ‘ರೈನ್ 2’ ಎಂಬ ಆ ಚಿತ್ರದಲ್ಲಿ ಕಾಣುವುದು ಇಷ್ಟೇ: ಬೂದು ಆಕಾಶ, ಅದರ ಕೆಳಗೆ ಹಸಿರು ದಡ, ಅಡ್ಡಲಾಗಿ ಹರಿಯುವ ನದಿ, ಈಚೆ ದಡದಲ್ಲಿ ಹುಲ್ಲು, ಹುಲ್ಲಿನ ನಡುವೆ ಒಂದು ಕಾಲುದಾರಿ. ಡ್ಯೂಸೆಲ್‌ಡಾರ್ಫ್ ನಗರದ ಹತ್ತಿರ ರೈನ್ ನದಿಯ ದಡಕ್ಕೆ ಹೋಗಿ ನಿಂತರೆ ಈ ನೋಟ ಸಿಗುವುದಿಲ್ಲ. ಆಚೆ ದಡದಲ್ಲಿದ್ದ ಕಾರ್ಖಾನೆಯ ಕಟ್ಟಡವನ್ನೂ ನಾಯಿ ಕರೆದುಕೊಂಡು ಅಡ್ಡಾಡುತ್ತಿದ್ದವರನ್ನೂ ಗುರ್ಸ್ಕಿ ಕಂಪ್ಯೂಟರಿನಲ್ಲಿ ಅಳಿಸಿದ್ದರು. ಅದನ್ನು ಅವರು ಮುಚ್ಚಿಡಲಿಲ್ಲ. ಈ ಕಾಲದ ನದಿಯೊಂದರ ನಿಜವಾದ ಚಿತ್ರ ಕೊಡಬೇಕಾದರೆ ಕಲ್ಪಿಸಿ ಕಟ್ಟಿದ ನೋಟವೇ ಬೇಕಾಯಿತು ಎಂಬುದು ಅವರ ವಾದ.

ಅಂದು ಕಲಾಲೋಕದ ಚರ್ಚೆಯಾಗಿದ್ದ ಈ ಪ್ರಶ್ನೆ ಇವತ್ತು ಮೊಬೈಲು ಹಿಡಿದ ಪ್ರತಿಯೊಬ್ಬರದೂ ಆಗಿದೆ. ಬೆಟ್ಟದ ಚಿತ್ರಕ್ಕೆ ಬೇರೊಂದು ದಿನದ ಆಕಾಶವನ್ನು ಒಂದೇ ಗುಂಡಿ ಒತ್ತಿ ಜೋಡಿಸಬಹುದು. ಜಲಪಾತದ ಮುಂದೆ ಹಾದುಹೋಗುವ ವಿದ್ಯುತ್ ತಂತಿಯನ್ನು ಬೆರಳಲ್ಲಿ ಒರೆಸಿ ತೆಗೆಯಬಹುದು. ಇದು ಕಲೆಯೋ ಮೋಸವೋ ಎಂದು ಕೇಳಿದರೆ ಉತ್ತರಗಳು ಎರಡು ಬಣವಾಗಿ ಬರುತ್ತವೆ. ಕ್ಯಾಮೆರಾ ಕಂಡದ್ದನ್ನು ಮುಟ್ಟಲೇಬಾರದು ಎಂಬುದು ಒಂದು ಬಣ. ಚಿತ್ರ ಚೆನ್ನಾಗಿದ್ದರೆ ಸಾಕು, ಹೇಗೆ ಬಂತೆಂದು ಕೇಳಬಾರದು ಎಂಬುದು ಇನ್ನೊಂದು. ಎರಡೂ ಬಣಗಳು ಮುಖ್ಯವಾದದ್ದನ್ನು ಕೈಬಿಡುತ್ತಿವೆ ಎಂದು ನನಗೆ ಅನಿಸುತ್ತದೆ. ಭೂದೃಶ್ಯ ಅಂದರೆ ಒಂದು ನೆಲ. ಅದಕ್ಕೆ ಹೆಸರಿದೆ, ಊರಿದೆ, ಅಲ್ಲಿ ಬದುಕುವವರಿದ್ದಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ತಿದ್ದಿದವರು ತಿದ್ದಿದ್ದೇವೆಂದು ಹೇಳಿದರೇ? ತಿದ್ದಿದ ಮೇಲೆ ಆ ನೆಲದ ವಿಷಯ ನಮಗೆ ಹೆಚ್ಚು ಕಂಡಿತೇ, ಕಡಿಮೆ ಕಂಡಿತೇ?

ಕಂಪ್ಯೂಟರಿಗಿಂತ ಮೊದಲು

ಭೂದೃಶ್ಯವನ್ನು ತಿದ್ದುವ ಕೆಲಸ ಶುರುವಾದದ್ದು ಒಂದು ರಾಸಾಯನಿಕ ಕೊರತೆಯಿಂದ. 1850ರ ದಶಕದಲ್ಲಿ ಗಾಜಿನ ಹಲಗೆಗೆ ಬಳಿಯುತ್ತಿದ್ದ ಕೊಲೋಡಿಯನ್ ಲೇಪನ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿತ್ತು. ನೆಲ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರೀ ಬಿಳಿಯಾಗುತ್ತಿತ್ತು. ಆಕಾಶಕ್ಕೆ ಹೊಂದಿಸಿದರೆ ನೆಲ ಕಪ್ಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಸುಮಾರಿಗೆ ತೆಗೆದ ಸಮುದ್ರದ ಚಿತ್ರಗಳಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಕಡಲಿಗೆ ಒಂದು ನೆಗೆಟಿವ್, ಮೋಡಕ್ಕೆ ಇನ್ನೊಂದು. ದಿಗಂತದ ಗೆರೆಯಲ್ಲಿ ಎರಡನ್ನೂ ಕೂಡಿಸಿ ಒಂದು ಪ್ರಿಂಟ್. ಸೆತ್ ಬಂದರಿನ ‘ದೊಡ್ಡ ಅಲೆ’ ಹಾಗೆ ಹುಟ್ಟಿದ್ದು. ಒಂದೇ ಮೋಡದ ನೆಗೆಟಿವ್ ಅವರ ಬೇರೆ ಬೇರೆ ಕಡಲುಗಳ ಮೇಲೆ ಕಾಣಿಸಿಕೊಂಡದ್ದೂ ಉಂಟು. 1858ರಲ್ಲಿ ಕಾಮಿಲ್ ಸಿಲ್ವಿ ತೆಗೆದ ಫ್ರೆಂಚ್ ನದಿಯ ದೃಶ್ಯದಲ್ಲೂ ಆಕಾಶ ಬೇರೆಯದೇ. ಅದರ ಮೇಲೆ ಕೈಯಿಂದ ತಿದ್ದಿದ ಗುರುತೂ ಇದೆ.

ನೆಗೆಟಿವ್ ಮುಟ್ಟದೆಯೂ ನೆಲವನ್ನು ತಿದ್ದಬಹುದೆಂದು ತೋರಿಸಿದವರು ಟಿಮೊತಿ ಒಸಲಿವನ್. 1860–70ರ ದಶಕಗಳಲ್ಲಿ ಅಮೆರಿಕದ ಪಶ್ಚಿಮ ಭಾಗದ ಸರ್ಕಾರಿ ಸರ್ವೆಗಳ ಜೊತೆ ಹೋಗಿದ್ದ ಅವರ ಚಿತ್ರಗಳು ವೈಜ್ಞಾನಿಕ ದಾಖಲೆಗಳೆಂದೇ ಹೆಸರಾಗಿದ್ದವು. ನೂರು ವರ್ಷಗಳ ನಂತರ, 1977ರಿಂದ 79ರವರೆಗೆ, ಮಾರ್ಕ್ ಕ್ಲೆಟ್ ಮತ್ತು ಗೆಳೆಯರು ಆ ಹಳೆಯ ಸ್ಥಳಗಳನ್ನೇ ಹುಡುಕಿ, ಅದೇ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ಚಿತ್ರ ತೆಗೆದರು. ಯೂಟಾದ ಒಂದು ಬಂಡೆಗುಂಪಿನ ಚಿತ್ರದಲ್ಲಿ ಒಸಲಿವನ್ ಕ್ಯಾಮೆರಾವನ್ನೇ ಓರೆಯಾಗಿ ಹಿಡಿದು, ಬಂಡೆಗಳು ಇನ್ನಷ್ಟು ಕಡಿದಾಗಿ ಕಾಣುವಂತೆ ಮಾಡಿದ್ದು ಆಗ ಬೆಳಕಿಗೆ ಬಂತು.

ಅಮೆರಿಕದ ಆನ್ಸೆಲ್ ಆಡಮ್ಸ್ ಹೆಸರನ್ನು ‘ಶುದ್ಧ’ ಛಾಯಾಗ್ರಹಣದ ಪರವಾಗಿ ಎತ್ತುವವರು ಬಹಳ. ಅವರ ‘ಮೂನ್‌ರೈಸ್, ಹರ್ನಾಂಡೆಜ್’ 1941ರ ಶರತ್ಕಾಲದ ಒಂದು ಸಂಜೆಯದು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗದೆ, ಚಂದ್ರನ ಪ್ರಖರತೆ ಎಷ್ಟೆಂಬ ನೆನಪಿನ ಲೆಕ್ಕದ ಮೇಲೆ ಎಕ್ಸ್‌ಪೋಶರ್ ಹಿಡಿದ ಚಿತ್ರ ಅದು. ಅದರ ಆರಂಭದ ಪ್ರಿಂಟುಗಳಲ್ಲಿ ಆಕಾಶ ಬೂದು, ಅದರಲ್ಲಿ ತೆಳು ಮೋಡಗಳು. 1948ರಲ್ಲಿ ಅವರು ನೆಗೆಟಿವ್‌ನ ಒಂದು ಭಾಗವನ್ನು ರಾಸಾಯನಿಕದಿಂದ ಗಟ್ಟಿಗೊಳಿಸಿದರು. ನಂತರದ ಪ್ರಿಂಟುಗಳಲ್ಲಿ ಆಕಾಶ ಕಡುಗಪ್ಪಾಗಿ, ಕೆಳಗಿನ ಊರಿನ ಸಮಾಧಿಗಳ ಶಿಲುಬೆಗಳು ಬೆಳಗುತ್ತವೆ. 1944ರಲ್ಲಿ ಲೋನ್ ಪೈನ್ ಊರಿನಿಂದ ತೆಗೆದ ಸಿಯೆರಾ ನೆವಾಡಾದ ಚಿತ್ರದಲ್ಲಿ ಗುಡ್ಡದ ಮೇಲೆ ಶಾಲೆಯ ಹುಡುಗರು ಸುಣ್ಣದಿಂದ ಬರೆದಿದ್ದ ಊರ ಹೆಸರಿನ ಎರಡು ಮೊದಲಕ್ಷರಗಳನ್ನು ಆಡಮ್ಸ್ ಕಾಣದಂತೆ ಮುಚ್ಚಿದರು. ಪಿಯಾನೊ ಕಲಿತಿದ್ದ ಅವರ ಪ್ರಕಾರ ನೆಗೆಟಿವ್ ಸ್ವರಲಿಪಿ, ಪ್ರಿಂಟ್ ಕಛೇರಿ. ಇವತ್ತಿನವರು ರಾ ಫೈಲು ಮತ್ತು ಎಡಿಟಿಂಗ್ ಬಗ್ಗೆ ಹೇಳುವುದೂ ಇದನ್ನೇ.

ಆಡಮ್ಸ್ ಷಟರ್ ಒತ್ತುವ ಮೊದಲೇ ಚಿತ್ರವನ್ನು ಮನಸ್ಸಿನಲ್ಲಿ ಕಾಣಬೇಕೆಂದರೆ, ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಜೆರ್ರಿ ಉಲ್ಸ್‌ಮನ್ ಡಾರ್ಕ್‌ರೂಮಿಗೆ ಬಂದ ಮೇಲೆಯೂ ಚಿತ್ರ ಹುಟ್ಟಬಹುದೆಂದರು. 1934ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ಅವರು ಸಾಲಾಗಿ ಹಲವು ಎನ್‌ಲಾರ್ಜರ್ ಇಟ್ಟುಕೊಂಡು, ಒಂದೇ ಕಾಗದವನ್ನು ಒಂದರಿಂದ ಒಂದಕ್ಕೆ ಒಯ್ಯುತ್ತ ಚಿತ್ರ ಕಟ್ಟುತ್ತಿದ್ದರು. ನೀರಿನ ಮೇಲೆ ಬೇರುಸಹಿತ ತೇಲುವ ಮರ, ಛಾವಣಿಯ ಜಾಗದಲ್ಲಿ ಮೋಡಗಳಿರುವ ಕೋಣೆ, ಹೀಗೆ ಅವರ ಚಿತ್ರಗಳು. 1967ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ಇಂದು ಕಂಪ್ಯೂಟರಿನಲ್ಲಿ ಲೇಯರ್ ಮೇಲೆ ಲೇಯರ್ ಇಟ್ಟು ಅದ್ಭುತ ಲೋಕ ಕಟ್ಟುವವರೆಲ್ಲರ ಹಿಂದೆ ಈ ಮನುಷ್ಯನ ಡಾರ್ಕ್‌ರೂಮ್ ಇದೆ.

ವರ್ಣಚಿತ್ರಕಾರರು ಕೊಟ್ಟ ಕಣ್ಣು

ತಿದ್ದುವವರು ಯಾವ ಕಡೆಗೆ ತಿದ್ದುತ್ತಾರೆ ಎಂಬುದನ್ನು ನಿರ್ಧರಿಸುವುದು ತಂತ್ರಾಂಶವಲ್ಲ, ಅವರ ಮನಸ್ಸಿನಲ್ಲಿ ಮೊದಲೇ ಕೂತಿರುವ ಚಿತ್ರಗಳು. 17ನೇ ಶತಮಾನದ ಕ್ಲೋದ್ ಲೊರೈನ್ ಎರಡು ಬದಿಗೆ ಮರ, ನಡುವೆ ನೀರು, ದೂರದಲ್ಲಿ ಬಂಗಾರದ ಬೆಳಕು ಇಟ್ಟು ಭೂದೃಶ್ಯ ಬರೆಯುವ ಕ್ರಮವನ್ನು ಗಟ್ಟಿ ಮಾಡಿದರು. ಆ ಹದಕ್ಕೆ ಯುರೋಪ್ ಎಷ್ಟು ಮನಸೋತಿತೆಂದರೆ, 18ನೇ ಶತಮಾನದ ಇಂಗ್ಲಿಷ್ ಪ್ರವಾಸಿಗಳು ಅವರ ಹೆಸರಿನ ಸಣ್ಣ ಕಪ್ಪು ಉಬ್ಬುಗನ್ನಡಿಯನ್ನು ಜೇಬಿನಲ್ಲಿ ಒಯ್ಯುತ್ತಿದ್ದರು. ಬೆಟ್ಟಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಮಬ್ಬಾಗಿ, ಬಣ್ಣ ಹದಗೊಂಡು ಕಾಣುವ ಬೆಟ್ಟವನ್ನು ನೋಡಿ ಮೆಚ್ಚುತ್ತಿದ್ದರು. ಇನ್‌ಸ್ಟಾಗ್ರಾಮಿನ ಫಿಲ್ಟರಿಗೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಹಿರಿಯಣ್ಣ ಇದು.

ಮಂಜಿನ ಕಡಲಿನ ಮೇಲೆ ಬಂಡೆಯ ತುದಿಯಲ್ಲಿ ಬೆನ್ನು ತೋರಿಸಿ ನಿಂತ ಒಬ್ಬ ಮನುಷ್ಯ: ಈ ಭಂಗಿಯ ಫೋಟೋ ನೋಡದವರು ಇಂದು ಯಾರೂ ಇರಲಾರರು. ಇದು ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1818ರ ಸುಮಾರಿಗೆ ಬರೆದ ಚಿತ್ರದ ಬಳುವಳಿ. ಫ್ರೀಡ್ರಿಕ್ ಅದನ್ನು ಒಂದೇ ಜಾಗದಲ್ಲಿ ನಿಂತು ಬರೆದವರಲ್ಲ. ಎಲ್ಬೆ ನದಿಯ ಸುತ್ತಲಿನ ಬೆಟ್ಟಗಳಲ್ಲಿ ಬೇರೆ ಬೇರೆ ಕಡೆ ಮಾಡಿಕೊಂಡ ರೇಖಾಚಿತ್ರಗಳನ್ನು ಸ್ಟುಡಿಯೋದಲ್ಲಿ ಒಂದಾಗಿ ಜೋಡಿಸಿದ್ದು. ಹೀಗೆ ನೋಡಿದರೆ, ಹಲವು ಬಂಡೆಗಳನ್ನು ಕಂಪ್ಯೂಟರಿನಲ್ಲಿ ಒಂದು ಮಾಡುವ ಇಂದಿನವರು ಅವರ ವಿಷಯದ ಜೊತೆಗೆ ವಿಧಾನವನ್ನೂ ಪಡೆದಿದ್ದಾರೆ.

ಏಷ್ಯಾದ ಕಲೆಯಲ್ಲಿ ಈ ಜೋಡಣೆಗೆ ಬೇರೆಯದೇ ಆಧಾರವಿದೆ. 11ನೇ ಶತಮಾನದ ಚೀನಾದ ಗುವೊ ಶಿ ಬೆಟ್ಟವನ್ನು ಮೂರು ದೂರಗಳಿಂದ ನೋಡಬೇಕೆಂದರು: ಕೆಳಗಿನಿಂದ ಶಿಖರದತ್ತ, ಮುಂದಿನಿಂದ ಕಣಿವೆಯ ಆಳಕ್ಕೆ, ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಕ್ಕೆ. ಕ್ಯಾಮೆರಾದ ಒಂಟಿ ಕಣ್ಣಿಗೆ ಇದು ಆಗದ ಕೆಲಸ. 1892ರಿಂದ 1995ರವರೆಗೆ ಬಾಳಿದ ಲಾಂಗ್ ಜಿಂಗ್‌ಶಾನ್ 1930ರ ದಶಕದಿಂದ ಹಲವು ನೆಗೆಟಿವ್‌ಗಳನ್ನು ಒಂದೇ ಪ್ರಿಂಟಿನಲ್ಲಿ ಸೇರಿಸಿ, ಹುವಾಂಗ್‌ಶಾನ್ ಬೆಟ್ಟಗಳ ಮಂಜು, ಪೈನ್ ಮರ, ದೋಣಿಗಳಿಂದ ಹಳೆಯ ಮಸಿಚಿತ್ರದಂಥ ಛಾಯಾಚಿತ್ರ ರಚಿಸಿದರು. ಚೀನಾದ ಮೊದಮೊದಲ ಪತ್ರಿಕಾ ಛಾಯಾಗ್ರಾಹಕರಲ್ಲಿ ಅವರೂ ಒಬ್ಬರು. ದಾಖಲೆ ಎಂದರೇನೆಂದು ಬಲ್ಲವರು. ಹಲವು ನಿಲುವುಗಳಿಂದ ನೋಡುವುದೇ ಬೆಟ್ಟದ ಪೂರ್ತಿ ನೋಟ ಎಂಬ ಸಂಪ್ರದಾಯಕ್ಕೆ ಜೋಡಣೆ ಸುಳ್ಳಾಗುವುದಿಲ್ಲ. ನಮ್ಮ ಉದಯಪುರದ 18ನೇ ಶತಮಾನದ ದೊಡ್ಡ ಚಿತ್ರಗಳಲ್ಲೂ ಕೆರೆಯನ್ನು ಮೇಲಿನಿಂದಲೂ ಅರಮನೆಯನ್ನು ಎದುರಿನಿಂದಲೂ ಒಟ್ಟಿಗೇ ನೋಡುತ್ತೇವೆ.

ಕನಸಿನ ಕಡೆಗೆ ವಾಲುವವರಿಗೆ ಬೆಲ್ಜಿಯಂನ ರೆನೆ ಮಾಗ್ರಿತ್, ಸ್ಪೇನಿನ ಸಾಲ್ವದೊರ್ ದಾಲಿ, ಹಾಲೆಂಡಿನ ಎಷರ್ ಗುರುಗಳು. 1985ರಲ್ಲಿ ಹುಟ್ಟಿದ ಸ್ವೀಡನ್ನಿನ ಎರಿಕ್ ಯೋಹಾನ್ಸನ್ ಈ ಮೂವರ ಋಣವನ್ನು ಹೇಳಿಕೊಂಡೇ ಕೆಲಸ ಮಾಡುವವರು. ರಸ್ತೆಯನ್ನು ಬಟ್ಟೆಯಂತೆ ಎಳೆದುಕೊಂಡು ಹೋಗುವ ಮನುಷ್ಯ, ಒಡೆದ ಕನ್ನಡಿಯಾಗಿ ಹರಡಿರುವ ಸರೋವರ ಅವರ ಪ್ರಸಿದ್ಧ ಕಲ್ಪನೆಗಳು. ಎರವಲು ಚಿತ್ರಗಳನ್ನು ಬಳಸದೆ, ಬೇಕಾದ ಪ್ರತಿ ತುಣುಕನ್ನೂ ಬೆಳಕು ಮತ್ತು ಕೋನ ಹೊಂದಿಸಿ ತಾವೇ ಚಿತ್ರೀಕರಿಸುತ್ತಾರೆ. ಅವರ ಚಿತ್ರ ನಂಬಿಸುವುದು ಈ ಶಿಸ್ತಿನಿಂದ. ನೋಡಿದ ಯಾರೂ ಅದನ್ನು ನಿಜವೆಂದುಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಮೋಸದ ಮಾತೇ ಇಲ್ಲ.

ಪಿರಮಿಡ್ ಜರುಗಿದ ವರ್ಷ

ಡಿಜಿಟಲ್ ತಿದ್ದುಪಡಿ ಸಾರ್ವಜನಿಕ ವಿವಾದವಾದದ್ದೂ ಒಂದು ಭೂದೃಶ್ಯದಿಂದಲೇ. 1982ರ ಫೆಬ್ರುವರಿಯ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಗಿಜಾದ ಪಿರಮಿಡ್‌ಗಳ ಅಡ್ಡ ಚಿತ್ರವನ್ನು ಉದ್ದ ಪುಟಕ್ಕೆ ಹೊಂದಿಸಬೇಕಿತ್ತು. ಸೈಟೆಕ್ಸ್ ಎಂಬ ಯಂತ್ರದಲ್ಲಿ ಎರಡು ಪಿರಮಿಡ್‌ಗಳನ್ನು ಹತ್ತಿರಕ್ಕೆ ಸರಿಸಿದರು. ಛಾಯಾಗ್ರಾಹಕ ಒಂದಿಷ್ಟು ಪಕ್ಕಕ್ಕೆ ನಿಂತಿದ್ದರೆ ಹೀಗೇ ಕಾಣುತ್ತಿತ್ತು ಎಂಬುದು ಸಂಪಾದಕರ ಸಮರ್ಥನೆ. ಆ ಪತ್ರಿಕೆಯ ಮಾತನ್ನು ಲೋಕ ನಂಬುತ್ತಿತ್ತು. ನಂಬಿಕೆಯ ಆಧಾರದ ಮೇಲೆ ನಿಂತ ಪತ್ರಿಕೆಯೊಂದು ಸಾವಿರಾರು ವರ್ಷ ಅಲ್ಲಾಡದ ಕಟ್ಟಡವನ್ನು ಸರಿಸಿತೆಂಬುದೇ ಓದುಗರನ್ನು ಕಾಡಿತು. ಮುಂದೆ ಬಂದ ಸಂಪಾದಕರು ಅದು ತಪ್ಪೆಂದು ಒಪ್ಪಿಕೊಂಡರು.

ಲಕ್ಷಾಂತರ ಬೆಲೆಯ ಸೈಟೆಕ್ಸ್ ಯಂತ್ರದ ಕೆಲಸವನ್ನು ಮನೆಯ ಮೇಜಿಗೆ ತಂದವರು ಥಾಮಸ್ ಮತ್ತು ಜಾನ್ ನೋಲ್ ಸಹೋದರರು. ಅವರ ಫೋಟೋಶಾಪ್ 1990ರ ಫೆಬ್ರುವರಿಯಲ್ಲಿ ಅಡೋಬಿ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂತು. ಅದರ ಸಾಮರ್ಥ್ಯ ತೋರಿಸಲು ಜಾನ್ ಎಲ್ಲೆಡೆ ಬಳಸುತ್ತಿದ್ದ ಮಾದರಿ ಚಿತ್ರದಲ್ಲಿದ್ದದ್ದು ಬೋರಾ ಬೋರಾದ ಕಡಲತೀರ, ನೀರಿನಾಚೆ ಒಂದು ದ್ವೀಪ, ದಡದಲ್ಲಿ ಬೆನ್ನು ಮಾಡಿ ಕೂತ ಅವರ ಗೆಳತಿ. ನೋಡುವವರ ಕಣ್ಣೆದುರೇ ದ್ವೀಪದ ಇನ್ನೊಂದು ಪ್ರತಿ ಕಡಲಿನಲ್ಲಿ ಮೂಡುತ್ತಿತ್ತು. 1994ರಲ್ಲಿ ಲೇಯರ್‌ಗಳು ಸೇರಿದ ಮೇಲೆ ಉಲ್ಸ್‌ಮನ್ ಸಾಲು ಎನ್‌ಲಾರ್ಜರ್‌ಗಳಲ್ಲಿ ದಿನಗಟ್ಟಲೆ ಮಾಡುತ್ತಿದ್ದ ಕೆಲಸ ಯಾರ ಕೈಗೂ ಎಟುಕುವಂತಾಯಿತು.

ಕಲಾವಿದರು ಹಿಡಿದ ದಾರಿಗಳು

ಮೊದಲನೆಯದು ಹಳೆಯ ಚಿತ್ರವನ್ನು ಇಂದಿನ ನೆಲದಲ್ಲಿ ಮತ್ತೆ ಕಟ್ಟುವ ದಾರಿ. ಕೆನಡಾದ ಜೆಫ್ ವಾಲ್ 1993ರಲ್ಲಿ ಜಪಾನಿನ ಹೊಕುಸಾಯ್ ಅವರ ಮರದಚ್ಚಿನ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡರು. ಫ್ಯೂಜಿ ಬೆಟ್ಟದ ಮೂವತ್ತಾರು ನೋಟಗಳ ಮಾಲಿಕೆಯ ಆ ಚಿತ್ರದಲ್ಲಿ ಬಿರುಗಾಳಿಗೆ ಪ್ರಯಾಣಿಕರ ಟೋಪಿ, ಕಾಗದಗಳು ಹಾರುತ್ತಿವೆ. ವಾಲ್ ವ್ಯಾಂಕೂವರ್ ಸಮೀಪದ ಹೊಲಕ್ಕೆ ನಟರನ್ನು ಕರೆದೊಯ್ದು, ಒಂದು ವರ್ಷಕ್ಕೂ ಹೆಚ್ಚು ಕಾಲ ನೂರಕ್ಕೂ ಮೀರಿ ಚಿತ್ರ ತೆಗೆದು ಒಂದು ಕ್ಷಣವನ್ನು ಕಟ್ಟಿದರು. ಅಲ್ಲಿ ಫ್ಯೂಜಿ ಇಲ್ಲ. ಬೆಟ್ಟದ ಜಾಗದಲ್ಲಿ ಬಯಲು, ಕಂಬಗಳು, ಕಾಲುವೆ. ಜರ್ಮನಿಯ ಬಿಯಾತೆ ಗುಟ್‌ಶೋವ್ 1999ರಿಂದ ಮಾಡಿದ ಮಾಲಿಕೆಯೊಂದರಲ್ಲಿ ಬೇರೆ ಬೇರೆ ಊರಿನ ಮರ, ಕೆರೆ, ಜನರನ್ನು 17ನೇ ಶತಮಾನದ ಚಿತ್ರಗಳ ಕ್ರಮಕ್ಕೆ ಸೇರಿಸಿದರು. ಮೊದಲ ನೋಟಕ್ಕೆ ರಮ್ಯ; ಹತ್ತಿರ ಹೋದರೆ ತುಳಿದು ಸವೆದ ಹುಲ್ಲು, ಪ್ಲಾಸ್ಟಿಕ್ ಚೂರು, ಸುಮ್ಮನೆ ನಿಂತ ಇಂದಿನ ಜನ. ನಾವು ಸುಂದರ ಎನ್ನುವುದು ಎಷ್ಟರಮಟ್ಟಿಗೆ ಕಲಿತ ಪಾಠ ಎಂಬುದು ಅವರ ಚಿತ್ರಗಳಿಂದ ತಿಳಿಯುತ್ತದೆ.

ಎರಡನೆಯದು ನೆಲದ ಗಾಯವನ್ನು ತೋರಿಸುವ ದಾರಿ. ಈ ಇಡೀ ಕ್ಷೇತ್ರದಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಇದನ್ನು. ಬೀಜಿಂಗಿನ ಯಾವೊ ಲು ಕಟ್ಟಡದ ಕೆಲಸ ನಡೆಯುವ ಕಡೆ ಹಸಿರು ಬಲೆ ಹೊದಿಸಿಟ್ಟ ಕಸದ, ಮಣ್ಣಿನ ರಾಶಿಗಳ ಚಿತ್ರ ತೆಗೆದು, ಅವುಗಳ ನಡುವೆ ಮಂಜು, ಜಲಪಾತ, ಮಂಟಪ, ದೋಣಿ ಸೇರಿಸಿ ಹಳೆಯ ಚೀನೀ ಭೂದೃಶ್ಯದ ರೂಪ ಕೊಟ್ಟರು. ಬೀಸಣಿಗೆಯ ಆಕಾರದ ಅಂಚು, ಕೆಂಪು ಮೊಹರು ಕೂಡ ಉಂಟು. ದೂರದಿಂದ ಹಸಿರು ಬೆಟ್ಟ; ಹತ್ತಿರ ಬಂದಂತೆ ಅದು ಕಸವೆಂದು ಅರಿವಾಗಿ ಎದೆ ಕುಸಿಯುತ್ತದೆ. 2008ರ ಪ್ಯಾರಿಸ್ ಫೋಟೋ ಪ್ರದರ್ಶನದಲ್ಲಿ ಅವರಿಗೆ ಮುಖ್ಯ ಬಹುಮಾನ ಬಂತು. 1980ರಲ್ಲಿ ಶಾಂಘೈನಲ್ಲಿ ಹುಟ್ಟಿದ ಯಾಂಗ್ ಯೋಂಗ್‌ಲಿಯಾಂಗ್ ಎಳವೆಯಿಂದಲೇ ಮಸಿಚಿತ್ರ, ಸುಲೇಖನ ಕಲಿತವರು. ಅವರ ಬೆಟ್ಟಗಳು ಬಹುಮಹಡಿ ಕಟ್ಟಡಗಳ ರಾಶಿ. ಬೆಟ್ಟದ ಮೇಲಿನ ಮರಗಳು ಕ್ರೇನು ಮತ್ತು ವಿದ್ಯುತ್ ಗೋಪುರ. ಒಂದು ನಾಗರಿಕತೆ ತನ್ನ ಅತ್ಯಂತ ಪ್ರೀತಿಯ ಕಲಾರೂಪದ ಒಳಗೇ ತನ್ನ ನಷ್ಟವನ್ನು ಕಾಣುವಂತೆ ಮಾಡಿದವರು ಇವರಿಬ್ಬರು. ನೇರ ವರದಿಚಿತ್ರದಿಂದ ಈ ನೋವು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ನಮ್ಮಲ್ಲೂ ಕೇರಳ ಮೂಲದ, ದೆಹಲಿಯಲ್ಲಿ ನೆಲೆಸಿರುವ ಗಿಗಿ ಸ್ಕರಿಯಾ ಬಹುಮಹಡಿ ಕಟ್ಟಡಗಳು ನುಂಗಿದ ನಗರವನ್ನು ಡಿಜಿಟಲ್ ಚಿತ್ರ ಮತ್ತು ವಿಡಿಯೋಗಳಲ್ಲಿ ಮರುಕಟ್ಟುತ್ತ ಬಂದಿದ್ದಾರೆ. 2011ರ ವೆನಿಸ್ ಬಿಯನಾಲೆಯಲ್ಲಿ ಭಾರತದ ಪರವಾಗಿ ಭಾಗವಹಿಸಿದವರಲ್ಲಿ ಅವರೂ ಒಬ್ಬರು.

ಮೂರನೆಯದು ನೋಟವನ್ನೇ ಪ್ರಶ್ನಿಸುವ ದಾರಿ. ಸ್ಪೇನಿನ ಜೊವಾನ್ ಫಾಂತ್‌ಕುಬೆರ್ತಾ ‘ಒರೊಜೆನೆಸಿಸ್’ ಮಾಲಿಕೆಯಲ್ಲಿ, ನಕಾಶೆಯ ಮಾಹಿತಿಯಿಂದ ಬೆಟ್ಟ ಕಣಿವೆಗಳನ್ನು ಮೂಡಿಸುವ ತಂತ್ರಾಂಶಕ್ಕೆ ನಕಾಶೆಯ ಬದಲು ಟರ್ನರ್, ಸೆಜಾನ್, ದಾಲಿಯಂಥವರ ವರ್ಣಚಿತ್ರಗಳನ್ನು ಉಣಿಸಿದರು. ತಂತ್ರಾಂಶಕ್ಕೆ ಬೆಟ್ಟ, ನೀರು, ಮೋಡ ಬಿಟ್ಟು ಬೇರೇನೂ ಗೊತ್ತಿಲ್ಲ. ಅದು ಪ್ರತಿ ವರ್ಣಚಿತ್ರವನ್ನೂ ಯಾರೂ ಕಾಲಿಡದ, ಪೋಸ್ಟ್‌ಕಾರ್ಡಿನಷ್ಟು ಚೆಂದದ ಕಣಿವೆಯಾಗಿ ಮಾಡಿ ಕೊಟ್ಟಿತು. ಇಂದಿನ ಕೃತಕ ಬುದ್ಧಿಮತ್ತೆಯ ಬೆಟ್ಟಗಳನ್ನು ನೋಡುವಾಗ 2000ದ ದಶಕದ ಈ ಕೆಲಸ ಮುಂಗಾಣ್ಕೆಯಂತೆ ತೋರುತ್ತದೆ.

ವಿಜ್ಞಾನವೂ ಇದೇ ಸಾಲಿನಲ್ಲಿದೆ. 1995ರಲ್ಲಿ ಹಬಲ್ ದೂರದರ್ಶಕ ಹಿಡಿದ ‘ಸೃಷ್ಟಿಯ ಕಂಬಗಳು’ ಹದ್ದು ನೀಹಾರಿಕೆಯ ಅನಿಲ, ಧೂಳಿನ ಚಿತ್ರ. ಆಮ್ಲಜನಕದ ಬೆಳಕಿಗೆ ನೀಲಿ, ಜಲಜನಕಕ್ಕೆ ಹಸಿರು, ಗಂಧಕಕ್ಕೆ ಕೆಂಪು ಕೊಟ್ಟು ಮಾಡಿದ ಜೋಡಣೆ ಅದು. ಕಲಾ ಇತಿಹಾಸಕಾರ್ತಿ ಎಲಿಜಬೆತ್ ಕೆಸ್ಲರ್ ಇಂಥ ಚಿತ್ರಗಳಲ್ಲಿ 19ನೇ ಶತಮಾನದ ಥಾಮಸ್ ಮೊರಾನ್, ಆಲ್ಬರ್ಟ್ ಬಿಯರ್‌ಸ್ಟಾಟ್ ಬರೆದ ಅಮೆರಿಕದ ಕಣಿವೆಗಳ ಛಾಯೆಯನ್ನು ಗುರುತಿಸಿದ್ದಾರೆ. ಯಾವ ಬಣ್ಣ ಯಾವ ಅನಿಲಕ್ಕೆ ಎಂದು ವಿಜ್ಞಾನಿಗಳು ಬರೆದಿಟ್ಟಿದ್ದರಿಂದ ಆ ಚಿತ್ರ ಸುಂದರವೂ ಹೌದು, ನಂಬಬಹುದಾದದ್ದೂ ಹೌದು.

ಕಂಪ್ಯೂಟರಿನೊಳಗೆ ನಡೆಯುವುದು

ಎಡಿಟಿಂಗ್ ಎಂಬ ಒಂದೇ ಮಾತಿನಲ್ಲಿ ಬಹಳ ಅಂತರದ ಕೆಲಸಗಳು ಅಡಗಿವೆ. ಮೊದಲ ಮೆಟ್ಟಿಲಲ್ಲಿ ಕಣ್ಣು ಕಂಡದ್ದನ್ನು ಮರಳಿ ಪಡೆಯುವ ಕೆಲಸ. ಸೂರ್ಯಾಸ್ತದ ಆಕಾಶವನ್ನೂ ನೆರಳಿನ ಕಣಿವೆಯನ್ನೂ ನಮ್ಮ ಕಣ್ಣು ಒಟ್ಟಿಗೆ ಗ್ರಹಿಸುತ್ತದೆ. ಸೆನ್ಸರ್‌ಗೆ ಅಷ್ಟು ವ್ಯಾಪ್ತಿ ಇಲ್ಲ. ಅದಕ್ಕಾಗಿ ಟ್ರೈಪಾಡ್ ಮೇಲೆ ಬೇರೆ ಬೇರೆ ಎಕ್ಸ್‌ಪೋಶರಿನಲ್ಲಿ ಕೆಲವು ಚಿತ್ರ ತೆಗೆದು ಸೇರಿಸುತ್ತಾರೆ. ಹತ್ತಿರದ ಹೂವೂ ದೂರದ ಬೆಟ್ಟವೂ ಸ್ಪಷ್ಟವಾಗಿ ಬರಲು ಫೋಕಸ್ ಬದಲಿಸಿ ತೆಗೆದು ಸೇರಿಸುತ್ತಾರೆ. ಕಡಲಿಗೂ ಮೋಡಕ್ಕೂ ಬೇರೆ ಬೇರೆ ಎಕ್ಸ್‌ಪೋಶರ್ ಹಿಡಿದ ಲ ಗ್ರೇ ಹೊರಟದ್ದೂ ಈ ವ್ಯಾಪ್ತಿಯ ಕೊರತೆಯಿಂದಲೇ. ಎರಡನೆಯ ಮೆಟ್ಟಿಲು ಭಾವ ತುಂಬುವುದು: ಒಂದು ಕಡೆ ಬೆಳಗಿಸಿ ಇನ್ನೊಂದು ಕಡೆ ಮಬ್ಬಾಗಿಸುವುದು, ಬಣ್ಣ ಕಾಯಿಸುವುದು. ಕೆನಡಾದ ಮೈಕೆಲ್ ಆರ್ಟನ್ 1980ರ ದಶಕದಲ್ಲಿ ಒಂದು ಸ್ಪಷ್ಟ, ಒಂದು ಮಸುಕು ಸ್ಲೈಡನ್ನು ಒಂದರ ಮೇಲೊಂದು ಇಟ್ಟು ಪಡೆದ ಹೊಳಪು ಇಂದು ಅವರ ಹೆಸರಿನಲ್ಲೇ ಕಾಡಿನ ಚಿತ್ರಗಳಲ್ಲೆಲ್ಲ ಹಬ್ಬಿದೆ.

ಮೂರನೆಯದು ಕಾಲ ಬೆರೆಸುವುದು: ಮುಸ್ಸಂಜೆಯ ನೆಲದ ಮೇಲೆ ನಡುರಾತ್ರಿಯ ನಕ್ಷತ್ರ. ನಾಲ್ಕನೆಯದು ಆಕಾರ ಬದಲಿಸುವುದು: ಮುಂಭಾಗ ವೈಡ್ ಲೆನ್ಸಿನದು, ಹಿಂದಿನ ಶಿಖರ ಟೆಲಿ ಲೆನ್ಸಿನಲ್ಲಿ ಹಿಗ್ಗಿಸಿದ್ದು. ಐದನೆಯದು ಬೇರೆ ಜಾಗದ ಆಕಾಶ ತಂದು ಕೂರಿಸುವುದು. 2020ರ ಅಕ್ಟೋಬರ್‌ನಲ್ಲಿ ಫೋಟೋಶಾಪ್ ಇದನ್ನು ಸಿದ್ಧ ಸಲಕರಣೆಯಾಗಿಯೇ ಕೊಟ್ಟಿತು. ಆರನೆಯದು ಕ್ಯಾಮೆರಾ ಕಾಣದೇ ಇದ್ದದ್ದನ್ನು ಪದ ಬರೆದು ಹುಟ್ಟಿಸುವುದು. 2023ರಿಂದ ಅದೂ ಅದೇ ತಂತ್ರಾಂಶದಲ್ಲಿ ಸೇರಿದೆ.

ಮೇಲಿನ ಮೆಟ್ಟಿಲುಗಳಿಗೆ ಹೋದಂತೆ ನಿಸರ್ಗದ ನಿಯಮ ಮುರಿಯುವ ಸಂಭವ ಹೆಚ್ಚು. ತುಂಬು ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ದಿಕ್ಕಿಗೆ ಎದುರಲ್ಲಿ. ಇಬ್ಬರನ್ನೂ ಒಂದೇ ಮೂಲೆಯಲ್ಲಿ ತೋರಿಸಿದ ಚಿತ್ರ ಸುಳ್ಳು. ಆಕಾಶಗಂಗೆಯ ದಟ್ಟ ನಡುಭಾಗ ಕರ್ನಾಟಕದಿಂದ ದಕ್ಷಿಣ ದಿಕ್ಕಿನಲ್ಲಿ ಹಾದುಹೋಗುತ್ತದೆ; ಉತ್ತರದ ಬೆಟ್ಟದ ಮೇಲೆ ಅದನ್ನು ನಿಲ್ಲಿಸಿದರೆ ಅದು ಜೋಡಣೆ. ಮೋಡಕ್ಕೆ ಎಡದಿಂದ ಬೆಳಕು ಬಿದ್ದು ಮರದ ನೆರಳೂ ಎಡಕ್ಕೇ ಬಿದ್ದಿದ್ದರೆ ಆಕಾಶ ಬೇರೆ ಕಡೆಯದು. ಇಷ್ಟನ್ನು ಗಮನಿಸುವ ಅಭ್ಯಾಸ ನೋಡುಗರಿಗೂ ಬೇಕು, ತೀರ್ಪುಗಾರರಿಗೂ ಬೇಕು.

ಸ್ಪರ್ಧೆ ಮತ್ತು ನಂಬಿಕೆ

2012ರಲ್ಲಿ ಬ್ರಿಟನ್ನಿನ ‘ವರ್ಷದ ಭೂದೃಶ್ಯ ಛಾಯಾಗ್ರಾಹಕ’ ಪ್ರಶಸ್ತಿ ಪಡೆದ ಚಿತ್ರವೊಂದು ನಿಯಮ ಮೀರಿ ತಿದ್ದಿದ್ದೆಂದು ಗೊತ್ತಾಗಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. 2023ರಲ್ಲಿ ಜರ್ಮನಿಯ ಬೊರಿಸ್ ಎಲ್ಡಾಗ್‌ಸೆನ್ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ತಮ್ಮ ಚಿತ್ರ ಕೃತಕ ಬುದ್ಧಿಮತ್ತೆಯದೆಂದು ತಾವೇ ಹೇಳಿ ಬಹುಮಾನ ನಿರಾಕರಿಸಿದರು. ಅದು ಭೂದೃಶ್ಯವಲ್ಲ, ಆದರೆ ಪ್ರಶ್ನೆ ಎಲ್ಲ ವಿಭಾಗಗಳದೂ ಆಗಿತ್ತು.

ಸಂಘಗಳು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿವೆ. ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಸೇರಿ ಒಪ್ಪಿಕೊಂಡ, 2015ರಿಂದ ಜಾರಿಗೆ ಬಂದ ವ್ಯಾಖ್ಯೆಯ ಪ್ರಕಾರ ನಿಸರ್ಗ ವಿಭಾಗದಲ್ಲಿ ಅಂಚು ಕತ್ತರಿಸುವುದನ್ನು ಬಿಟ್ಟರೆ ಚಿತ್ರದಲ್ಲಿರುವುದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ, ಜರುಗಿಸುವಂತಿಲ್ಲ. ಆದರೆ ಸಲೂನುಗಳೆಂದು ಕರೆಯುವ ಈ ಸಂಘಗಳ ಸ್ಪರ್ಧಾ ಪ್ರದರ್ಶನಗಳ ಮುಕ್ತ ವಿಭಾಗದಲ್ಲಿ ಕಲ್ಪನೆಗೆ ಜಾಗವಿದೆ. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಲ್ಲಿ ಪಳಗಿದವರಿಗೆ ಈ ಗೆರೆ ಚೆನ್ನಾಗಿ ಗೊತ್ತು. ಚಿತ್ರದ ಹುಟ್ಟು ಮತ್ತು ತಿದ್ದುಪಡಿಯ ಚರಿತ್ರೆಯನ್ನು ಫೈಲಿನೊಳಗೇ ಮೊಹರು ಮಾಡುವ ವ್ಯವಸ್ಥೆಯೂ ಬಂದಿದೆ. 2023ರ ಅಕ್ಟೋಬರ್‌ನಲ್ಲಿ ಬಂದ ಲೈಕಾ ಎಂ11-ಪಿ ಅದನ್ನು ಅಳವಡಿಸಿಕೊಂಡ ಮೊದಲ ಕ್ಯಾಮೆರಾ. ಆದರೆ ಸಲೂನಿನ ಹೊರಗೆ, ಪ್ರವಾಸದ ಜಾಹೀರಾತು, ರೆಸಾರ್ಟಿನ ಪುಟ, ವಾಟ್ಸ್‌ಆ್ಯಪಿನ ಶುಭೋದಯದ ಚಿತ್ರಗಳ ಲೋಕದಲ್ಲಿ ಯಾವ ಗೆರೆಯೂ ಇಲ್ಲ. ಜನ ನೆಲವನ್ನು ಅರಿಯುವುದು ಹೆಚ್ಚಾಗಿ ಅಲ್ಲಿಂದಲೇ.

ನಮ್ಮ ನೆಲಕ್ಕೆ ಏಕೆ ಮುಖ್ಯ

ಭೂದೃಶ್ಯದ ಚಿತ್ರ ನೆಲದ ಹಣೆಬರಹವನ್ನು ಬದಲಿಸಿದ್ದುಂಟು. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ತೆಗೆದ ಯೊಸೆಮಿಟಿ ಕಣಿವೆಯ ಚಿತ್ರಗಳು 1864ರಲ್ಲಿ ಅದಕ್ಕೆ ರಕ್ಷಣೆ ಸಿಗಲು ನೆರವಾದವು. 1871ರಲ್ಲಿ ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಛಾಯಾಚಿತ್ರಗಳು, ಮೊರಾನ್ ಬರೆದ ಚಿತ್ರಗಳು ಮರುವರ್ಷ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಗಲು ಕಾರಣಗಳಲ್ಲಿ ಸೇರಿದವು. ಶಾಸಕರು ಆ ಕಣಿವೆಗಳನ್ನು ಕಂಡದ್ದು ಚಿತ್ರದಲ್ಲಿ.

ನಮ್ಮ ಪಶ್ಚಿಮಘಟ್ಟಕ್ಕೆ ಇಂಥ ಸಾಕ್ಷಿ ಇನ್ನೂ ಹೆಚ್ಚು ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಕುಸಿಯುವ ಮೊದಲು ಇಳಿಜಾರು ಹೇಗಿತ್ತು, ರಸ್ತೆಗಾಗಿ ಎಷ್ಟು ಕಡಿದಿದ್ದರು, ಎಲ್ಲಿ ಮರ ಇತ್ತು, ಎಲ್ಲಿ ನೀರಿನ ಜಾಡಿತ್ತು ಎಂದು ತಿಳಿಯಲು ಹಳೆಯ ಚಿತ್ರಗಳು ಬೇಕು. ಆ ಚಿತ್ರಗಳಲ್ಲಿ ಕಡಿದ ಮಣ್ಣನ್ನು ‘ನೋಟ ಕೆಡಿಸುತ್ತದೆ’ ಎಂದು ಹಸಿರು ಮಾಡಿದ್ದರೆ? ತಂತಿ, ರೆಸಾರ್ಟು, ಪ್ಲಾಸ್ಟಿಕ್ ರಾಶಿ, ಒಣಗಿದ ಝರಿ ಎಲ್ಲವನ್ನೂ ಒರೆಸಿದ್ದರೆ? ನನ್ನ ಆತಂಕ ಇಲ್ಲಿದೆ. ಆಕಾಶದಲ್ಲಿ ತೇಲುವ ಮರ ಯಾರಿಗೂ ಕೇಡು ಮಾಡಿಲ್ಲ. ಸದ್ದಿಲ್ಲದೆ ಅಳಿಸಿದ ಒಂದು ಗಾಯ ನೂರಾರು ಜನರಿಗೆ ‘ಅಲ್ಲಿ ಎಲ್ಲ ಚೆನ್ನಾಗಿದೆ’ ಎಂಬ ಸುಳ್ಳನ್ನು ಹೇಳುತ್ತದೆ. ಕುರಿಂಜಿಯ ತೆಳು ನೀಲಿಯನ್ನು ಕಡುನೇರಳೆ ಮಾಡಿ ಹಂಚಿದಾಗ, ಅದನ್ನೇ ನಂಬಿ ಬೆಟ್ಟ ಹತ್ತಿದವರಿಗೆ ನಿಜವಾದ ಹೂವು ಸಪ್ಪೆ ಅನಿಸುತ್ತದೆ. ಇರುವುದರ ಮೇಲಿನ ಪ್ರೀತಿಯನ್ನು ಕಳೆಯುವ ಸೌಂದರ್ಯದಿಂದ ನೆಲಕ್ಕೆ ಒಳಿತಿಲ್ಲ.

ಹಾಗೆಂದು ಕಲ್ಪನೆಯನ್ನು ಬಿಡಬೇಕಿಲ್ಲ; ಅದಕ್ಕೆ ಒಳ್ಳೆಯ ಗುರುಗಳನ್ನು ಹುಡುಕಬೇಕು. ಯಾರೋ ಮಾಡಿಟ್ಟ ಪ್ರೀಸೆಟ್ ಹಾಕಿದರೆ ಮಲೆನಾಡೂ ನಾರ್ವೆಯೂ ಒಂದೇ ಥರ ಕಾಣುತ್ತವೆ. ಅವನೀಂದ್ರನಾಥ ಟ್ಯಾಗೋರರ ಶಿಷ್ಯ ಕೆ. ವೆಂಕಟಪ್ಪ ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ದಕ್ಷಿಣದ ಮಂಜಿನ ತೇವ ಎಂಥದೆಂದು ಅವುಗಳಿಂದ ಕಲಿಯಬಹುದು. ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರೀತಿ ನೋಡಿದರೆ, ನಮ್ಮ ಬಿಸಿಲಿನಲ್ಲಿ ಬಣ್ಣ ಎಲ್ಲಿಯವರೆಗೆ ಏರಬಹುದು ಎಂಬ ಅಂದಾಜು ಸಿಗುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿರುವ ರೋರಿಕ್ ಚಿತ್ರಗಳಲ್ಲಿ ಹಿಮಾಲಯದ ಬಣ್ಣ ಕಣ್ಣಿಗೆ ಕಾಣುವುದಕ್ಕಿಂತ ಗಾಢ. ಆದರೂ ಬೆಟ್ಟದ ಗಾತ್ರ, ಬೆಳಕಿನ ದಿಕ್ಕು ತಪ್ಪುವುದಿಲ್ಲ. ಯಾವೊ ಲು ತಮ್ಮ ಸಂಪ್ರದಾಯದ ಒಳಗಿನಿಂದ ಕಸದ ಬೆಟ್ಟವನ್ನು ತೋರಿಸಿದಂತೆ, ನಮ್ಮ ಗಣಿ ಅಗೆದ ಬಳ್ಳಾರಿಯನ್ನೋ, ಕೆರೆ ಮುಚ್ಚಿ ಎದ್ದ ಬೆಂಗಳೂರನ್ನೋ ನಮ್ಮದೇ ಚಿತ್ರಪರಂಪರೆಯ ರೂಪದಲ್ಲಿ ಕಟ್ಟುವ ಕೆಲಸ ದೊಡ್ಡ ಪ್ರಮಾಣದಲ್ಲಿ ಇನ್ನೂ ಆಗಬೇಕಿದೆ.

ಅದಕ್ಕೆ ಬೇಕಾದ ಶಿಸ್ತು ಕಷ್ಟದ್ದಲ್ಲ. ಛಾಯಾಗ್ರಾಹಕರು ಮೂಲ ರಾ ಫೈಲನ್ನು ಸ್ಥಳ, ದಿನಾಂಕದ ಜೊತೆ ಉಳಿಸಿಕೊಳ್ಳಲಿ. ಮುಂದೊಂದು ದಿನ ಅದು ಆ ಗುಡ್ಡದ ಏಕೈಕ ದಾಖಲೆಯಾಗಬಹುದು. ಜೋಡಿಸಿದ್ದರೆ ‘ಜೋಡಣೆ’ ಎಂದು ಚಿತ್ರದ ಕೆಳಗೆ ಬರೆಯಲಿ. ಪತ್ರಿಕೆಗಳು, ಪ್ರವಾಸೋದ್ಯಮದ ಪ್ರಕಟಣೆಗಳು ಆ ಮಾತನ್ನು ಕೇಳಿ ಪಡೆದು ಅಚ್ಚು ಹಾಕಲಿ. ಜಾಗದ ಹೆಸರು ಹೇಳಿ ಹಂಚುವ ಚಿತ್ರದಲ್ಲಿ ಏನನ್ನೂ ಅಳಿಸದಿರುವುದು ಒಂದು ರೂಢಿಯಾಗಲಿ. ಅಳಿಸಲೇಬೇಕೆಂದರೆ ಜಾಗದ ಹೆಸರು ಬಿಟ್ಟು ಅದನ್ನು ಕಲ್ಪನೆಯೆಂದೇ ಕರೆಯಲಿ. ಹೀಗೆ ಮಾಡಿದರೆ ಕಲಾವಿದರ ಸ್ವಾತಂತ್ರ್ಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಗುರ್ಸ್ಕಿಗೂ ಯೋಹಾನ್ಸನ್‌ಗೂ ಆಗಲಿಲ್ಲ. ಭೂದೃಶ್ಯಕ್ಕೆ ಕನಸು ಕಾಣುವವರೂ ಬೇಕು, ಸಾಕ್ಷಿ ಹೇಳುವವರೂ ಬೇಕು. ಒಬ್ಬರೇ ಎರಡೂ ಆಗಬಹುದು, ಆದರೆ ಪ್ರತಿ ಚಿತ್ರದಲ್ಲೂ ತಾವು ಈಗ ಯಾರಾಗಿದ್ದೇವೆಂದು ನೋಡುವವರಿಗೆ ಹೇಳುವ ಹೊಣೆ ಅವರದು.